ಏಳನೇ ತರಗತಿಯ ರೈಟರ್, ಎಂಟನೇ ತರಗತಿಯ ಘಾಟಿ

ಕೊಡಗಿನ ಕಾಫಿ ತೋಟಗಳಲ್ಲಿ ರೈಟರ್ ಎಂಬ ಹುದ್ದೆಯೊಂದಿದೆ. ಬೆಳಿಗ್ಗೆ ಕೆಲಸಗಾರರ ಹಾಜರಿ ಹಾಕುವುದು, ಯಾವ ಬ್ಲಾಕಿನಲ್ಲಿ ಗಿಡ ಸವರುವ ಕಪಾತು, ಯಾವ ಬ್ಲಾಕಿಗೆ ಗೊಬ್ಬರ ಎಂದು ಆಳು ಹಂಚುವುದು, ಸಂಜೆ ಕುಯ್ದು ತಂದ ಹಣ್ಣನ್ನು ತೂಗಿ ಬರೆದುಕೊಳ್ಳುವುದು, ಕಣದಲ್ಲಿ ಒಣಗುತ್ತಿರುವ ಚೆರ್ರಿಯನ್ನು ಬೊಗಸೆಯಲ್ಲಿ ಅಲುಗಾಡಿಸಿ ಅದರ ಗಲಗಲ ಸದ್ದಿನಿಂದಲೇ ಚೀಲಕ್ಕೆ ತುಂಬುವ ದಿನ ಬಂದಿದೆಯೇ ಎಂದು ಹೇಳುವುದು, ಫೆಬ್ರವರಿ ಕಳೆಯುತ್ತಿದ್ದಂತೆ ಆಕಾಶವನ್ನು ನೋಡಿ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆಗೆ ಕಾಯಬಹುದೋ ಅಥವಾ ಸ್ಪ್ರಿಂಕ್ಲರ್ ಹೂಡಲೇಬೇಕೋ ಎಂದು ಸಾಹುಕಾರರಿಗೆ ಸಲಹೆ ಕೊಡುವುದು, ಆ ಸಲಹೆ ತಪ್ಪಾದಾಗ ಬೈಸಿಕೊಳ್ಳುವುದು ಮತ್ತು ಸರಿಯಾದಾಗ ಸಾಹುಕಾರರು ಕ್ಲಬ್ಬಿನಲ್ಲಿ ಅದನ್ನು ತಮ್ಮದೇ ಲೆಕ್ಕಾಚಾರವೆಂದು ಹೇಳಿಕೊಳ್ಳುವಾಗ ಸುಮ್ಮನಿರುವುದು, ಇವೆಲ್ಲ ಆ ಹುದ್ದೆಯ ಕರ್ತವ್ಯಗಳು. ಇಷ್ಟು ಕೆಲಸಕ್ಕೆ ಯಾವ ಪದವಿ ಬೇಕೆಂದು ಒಂದೂವರೆ ಶತಮಾನ ಯಾರೂ ಕೇಳಿರಲಿಲ್ಲ. ಈಗ ಕೇಳತೊಡಗಿದ್ದಾರೆ.

ಈಚೆಗೆ ಬಂದ ಜಾಹೀರಾತೊಂದನ್ನು ತೆಗೆದುಕೊಳ್ಳೋಣ. ತೋಟದ ಹೆಸರು ಇಲ್ಲಿ ಮುಖ್ಯವಲ್ಲ. ಓದುಗರು ತಮಗೆ ಪರಿಚಯವಿರುವ ತೋಟವನ್ನೇ ಊಹಿಸಿಕೊಳ್ಳಬಹುದು, ಬಹುಶಃ ಊಹೆ ಸರಿಯಾಗಿಯೇ ಇರುತ್ತದೆ. ಅದರಲ್ಲಿ ರೈಟರ್ ಎಂಬ ಹೆಸರು ಹೋಗಿ ‘ಅಸಿಸ್ಟೆಂಟ್ ಎಸ್ಟೇಟ್ ಎಕ್ಸಿಕ್ಯೂಟಿವ್’ ಬಂದಿದೆ. ಅಭ್ಯರ್ಥಿಯು ಕೃಷಿ ಅಥವಾ ಅರಣ್ಯಶಾಸ್ತ್ರದಲ್ಲಿ ಪದವಿ ಪಡೆದಿರಬೇಕು, ವಯಸ್ಸು 25 ಮೀರಿರಬಾರದು ಮತ್ತು ಕಾಫಿ ತೋಟದಲ್ಲಿ ಕನಿಷ್ಠ 8 ವರ್ಷ ಕೆಲಸ ಮಾಡಿದ ಅನುಭವವಿರಬೇಕು. ಅಂದರೆ ಆ ಅಭ್ಯರ್ಥಿಯು ಹದಿನೇಳನೆಯ ವಯಸ್ಸಿನಲ್ಲಿ ಒಂದೇ ಬೆಳಿಗ್ಗೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಬೆಂಚಿನ ಮೇಲೂ ಸುಂಟಿಕೊಪ್ಪದ ಯಾವುದೋ ಬ್ಲಾಕಿನ ಗಿಡದ ಬುಡದಲ್ಲೂ ಕುಳಿತಿರಬೇಕಾಗುತ್ತದೆ. ಸಂಬಳದ ಕಾಲಂನಲ್ಲಿ ‘ಅರ್ಹತೆಗೆ ತಕ್ಕಂತೆ’ ಎಂದಿದೆ. ಈ ಮಾತಿನ ನಿಜವಾದ ಅರ್ಥಕ್ಕೆ ಮುಂದೆ ಬರುತ್ತೇನೆ.

ಆ ತೋಟದಲ್ಲಿ ಏಳನೇ ತರಗತಿ ಓದಿದ ರೈಟರ್ ಒಬ್ಬರು ಮೊದಲೇ ಇದ್ದರು, ಮತ್ತು ಮೇಲೆ ಹೇಳಿದ ಎಲ್ಲ ಕೆಲಸವನ್ನೂ ದಶಕಗಳಿಂದ ಮಾಡುತ್ತಿದ್ದರು. ತಮ್ಮದೇ ಕುರ್ಚಿಗೆ ತಾವೂ ಅರ್ಜಿ ಹಾಕಬಹುದೆಂದು ತಿಳಿದಾಗ ಅವರು ಮೊಮ್ಮಗಳ ಮೊಬೈಲಿನಲ್ಲಿ ಅರ್ಜಿ ತುಂಬಲು ಕುಳಿತರು. ಪದವಿಯ ಕಾಲಂಗೆ ನಕ್ಷತ್ರದ ಗುರುತಿತ್ತು, ಅದನ್ನು ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಅನುಭವದ ಕಾಲಂನಲ್ಲಿ ಹದಿನೈದು ವರ್ಷಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಹಾಕಲು ಅವಕಾಶವೇ ಇರಲಿಲ್ಲ, ಏಕೆಂದರೆ ಅರ್ಜಿಯನ್ನು ವಿನ್ಯಾಸ ಮಾಡಿದ ಬೆಂಗಳೂರಿನ ತರುಣನಿಗೆ ಒಂದೇ ಕೆಲಸದಲ್ಲಿ ಯಾರಾದರೂ ಅಷ್ಟು ಕಾಲ ಉಳಿಯುತ್ತಾರೆಂಬುದು ಹೊಳೆದಿರಲಿಲ್ಲ. ಹೀಗೆ ಒಂದು ಕಾಲಂ ಅವರಿಗೆ ದೊಡ್ಡದಾಯಿತು, ಇನ್ನೊಂದು ಚಿಕ್ಕದಾಯಿತು. ಪದವೀಧರನೊಬ್ಬ ಆಯ್ಕೆಯಾದ. ಅವನಿಗೆ ಕೊಟ್ಟ ನೇಮಕಾತಿ ಪತ್ರದ ಮೊದಲ ಷರತ್ತು, ಮೂರು ತಿಂಗಳ ಕಾಲ ಹಳೆಯ ರೈಟರ್ ಅವರಿಂದ ಕೆಲಸ ಕಲಿಯತಕ್ಕದ್ದು ಎಂಬುದಾಗಿತ್ತು. ಮೂರು ತಿಂಗಳು ಮುಗಿದ ದಿನ ಹಳೆಯ ರೈಟರ್‌ಗೆ ಒಂದು ಪತ್ರ ಬಂತು: ತರಬೇತಿ ತೃಪ್ತಿಕರವಾಗಿ ಪೂರ್ಣಗೊಂಡಿರುವುದರಿಂದ ಅನರ್ಹ ಸಿಬ್ಬಂದಿಯ ಸೇವೆಯ ಅಗತ್ಯ ಇನ್ನಿಲ್ಲ.

ಅನರ್ಹರನ್ನು ಅರ್ಹರನ್ನಾಗಿಸಲು ಸರ್ಕಾರ ಏನೂ ಮಾಡಿಲ್ಲವೆಂದು ಯಾರೂ ದೂರುವಂತಿಲ್ಲ. 2013ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಅಧಿಸೂಚನೆಗೊಂಡು, ದೇಶದ ಸಮಸ್ತ ಕೈಕೆಲಸವನ್ನೂ ಹತ್ತು ಮೆಟ್ಟಿಲುಗಳಲ್ಲಿ ಜೋಡಿಸಿಟ್ಟಿತು. 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಬಂತು. ಶಾಲೆಯ ಮುಖ ಕಾಣದೆಯೂ ಕೆಲಸ ಬಲ್ಲವರಿಗೆ ‘ನೀವು ಬಲ್ಲಿರಿ’ ಎಂದು ಬರೆದುಕೊಡುವ ವ್ಯವಸ್ಥೆಯೂ, ಪೂರ್ವ ಕಲಿಕೆಯ ಮಾನ್ಯತೆ ಎಂಬ ಹೆಸರಿನಲ್ಲಿ ಅದರೊಳಗೆ ಸೇರಿತು. ಉದ್ದೇಶ ನಿಜವಾಗಿಯೂ ಒಳ್ಳೆಯದು, ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಅಕ್ಷರ ಬಾರದ ಗಾರೆ ಕೆಲಸದವನಿಗೂ ಕಾಗದದ ಗೌರವವೊಂದು ಸಿಗಲಿ ಎಂಬ ಆಸೆಯಲ್ಲಿ ನಗುವಂಥದ್ದೇನೂ ಇಲ್ಲ. ನಗು ಬರುವುದು ಆ ಆಸೆ ವಿಧಾನಸೌಧವನ್ನೂ ಜಿಲ್ಲಾಡಳಿತ ಭವನವನ್ನೂ ದಾಟಿ, ಮಳೆಗಾಲದ ಒಂದು ಮಧ್ಯಾಹ್ನ ಪಂಚಾಯಿತಿ ಸಭಾಂಗಣಕ್ಕೆ ಪ್ರೊಜೆಕ್ಟರ್ ಸಮೇತ ಬಂದು ಇಳಿದಾಗ.

ಅಂಥ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಸಿಲ್ವರ್ ಓಕ್ ಮರವನ್ನು ಹತ್ತಿ ಕರಿಮೆಣಸು ಕುಯ್ಯುವುದರಲ್ಲೇ ತಲೆ ನರೆತವರು ಕುಳಿತಿದ್ದಾರೆ. ಎದುರಿಗೆ ನಿಂತಿರುವ ತರಬೇತುದಾರನಿಗೆ ಇಪ್ಪತ್ತಮೂರು ವರ್ಷ, ತರಬೇತಿ ಕೊಡುವುದರಲ್ಲಿ ಪ್ರಮಾಣಪತ್ರವಿದೆ, ಮರದ ಪರಿಚಯವಿಲ್ಲ. ಪರದೆಯ ಮೇಲೆ ಬ್ರೆಜಿಲ್ ದೇಶದ ಬಯಲಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಸಾಲಾಗಿ ನಿಂತ ಕಾಫಿ ಗಿಡಗಳೂ ಅವುಗಳ ಮೇಲೆ ಹಾದುಹೋಗುವ ಕುಯ್ಲಿನ ಯಂತ್ರವೂ ಕಾಣಿಸುತ್ತವೆ. ನಮ್ಮಲ್ಲಿ ಕಾಫಿ ಬೆಳೆಯುವುದು ನೆರಳಿನಲ್ಲಿ, ಇಳಿಜಾರಿನಲ್ಲಿ, ಜಿಗಣೆಗಳ ನಡುವೆ. ಆ ಯಂತ್ರವನ್ನು ಇಲ್ಲಿಗೆ ತಂದರೆ ಅದು ಮೊದಲ ದಿನವೇ ಹೊಳೆಯಲ್ಲಿರುತ್ತದೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗುತ್ತಾರೆ. ಆಮೇಲೆ ಪರೀಕ್ಷೆ. ಕೊಂಬೆ ಕಡಿಯಲು ನೆರಳು ಮರವನ್ನು ಹತ್ತುವ ಮೊದಲು ಏನು ಮಾಡಬೇಕು? ಮೇಲ್ವಿಚಾರಕರಿಗೆ ತಿಳಿಸಬೇಕು, ಸುರಕ್ಷತಾ ಸಾಧನ ಧರಿಸಬೇಕು, ಉಪಕರಣಗಳ ಪಟ್ಟಿ ಪರಿಶೀಲಿಸಬೇಕು, ಅಥವಾ ಮೇಲಿನ ಎಲ್ಲವೂ.

“ಮೊದಲು ತಲೆ ಎತ್ತಿ ನೋಡ್ಬೇಕು ಸಾರ್, ಚಗಳಿ ಗೂಡು ಉಂಟಾ ಅಂತ,” ಎನ್ನುತ್ತಾರೆ ಒಬ್ಬರು.

“ಅದು ಉತ್ತರಗಳಲ್ಲಿ ಇಲ್ಲ ಅಣ್ಣಾ.”

“ಉತ್ತರದಲ್ಲಿ ಇಲ್ದಿದ್ರೂ ಮರದಲ್ಲಿ ಇರ್ತದೆ.”

ಒಂದು ಅಂಕ ಹೋಯಿತು. ಕೆಂಪಿರುವೆಯ ಗೂಡಿಗೆ ಕೈ ಹಾಕಿ ಮೂವತ್ತು ಅಡಿ ಎತ್ತರದಲ್ಲಿ ಹಿಡಿತ ಬಿಟ್ಟವನಿಗೆ ಮೇಲಿನ ಎಲ್ಲವೂ ಯಾವ ಪ್ರಯೋಜನಕ್ಕೆ ಬರುತ್ತವೆಂಬುದು ಪಠ್ಯಕ್ರಮದ ವ್ಯಾಪ್ತಿಗೆ ಬರುವುದಿಲ್ಲ.

ಕೊನೆಯಲ್ಲಿ ಬೆರಳಚ್ಚು. ಪ್ರಮಾಣಪತ್ರ ಸರಿಯಾದ ವ್ಯಕ್ತಿಗೇ ಸಿಗಬೇಕಾದ್ದರಿಂದ ಪ್ರತಿಯೊಬ್ಬರೂ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು. ಹಗ್ಗ, ಕತ್ತಿ, ಏಣಿ, ಸುಣ್ಣ, ಗೊಬ್ಬರಗಳಲ್ಲಿ ಸವೆದ ಬೆರಳಿನಲ್ಲಿ ಯಂತ್ರಕ್ಕೆ ಗೆರೆಗಳೇ ಕಾಣುವುದಿಲ್ಲ. ಒರೆಸಿ ಒತ್ತಿ, ಎಣ್ಣೆ ಹಚ್ಚಿ ಒತ್ತಿ, ಎಡಗೈ ಒತ್ತಿ ಎಂದು ತರಬೇತುದಾರ ಸಹಾನುಭೂತಿಯಿಂದಲೇ ಸಲಹೆ ಕೊಡುತ್ತಾನೆ. ಆ ಸಭಾಂಗಣದಲ್ಲಿದ್ದ ಎಲ್ಲ ದಾಖಲೆಗಳ ಪೈಕಿ ಅನುಭವವನ್ನು ನಿಸ್ಸಂದೇಹವಾಗಿ ಸಾಬೀತು ಮಾಡುತ್ತಿದ್ದುದು ಆ ಬೆರಳು ಮಾತ್ರ, ಮತ್ತು ಅದೊಂದೇ ತಿರಸ್ಕೃತವಾಯಿತು. ತರಬೇತುದಾರನ ಬೆರಳನ್ನು ಯಂತ್ರ ಒಂದೇ ಸಲಕ್ಕೆ ಗುರುತಿಸಿತು.

ಇಂಥ ತರಬೇತಿಯಲ್ಲಿ ಕಲಿಸಬೇಕಾದ್ದು ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೆಣಸು ಕುಯ್ಯುವ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ತೋಟದೊಳಗೆ ಹಾದುಹೋಗುವ ವಿದ್ಯುತ್ ತಂತಿಗೆ ತಗುಲಿ ಕೊಡಗಿನಲ್ಲಿ ಕೆಲಸಗಾರರು ಸಾಯುತ್ತಲೇ ಬಂದಿದ್ದಾರೆ, ಮತ್ತು ಅವರಲ್ಲಿ ಅನುಭವದ ಕೊರತೆಯಿದ್ದವರು ಕಡಿಮೆ. ಹಗುರವಾದ ಆ ಏಣಿಯನ್ನು ಹೊತ್ತು ತಿರುಗಿಸುವುದು ಸುಲಭ ಎಂಬುದನ್ನು ಅನುಭವ ಕಲಿಸುತ್ತದೆ. ತಂತಿಯನ್ನು ಮುಟ್ಟಿದರೆ ಏನಾಗುತ್ತದೆ ಎಂಬ ಅನುಭವವನ್ನು ಪಡೆದವನು ಅದನ್ನು ಇನ್ನೊಬ್ಬನಿಗೆ ಹೇಳಲು ಉಳಿಯುವುದಿಲ್ಲ. ಇಲ್ಲಿ ಪಾಠ ಬೇಕು. ಅದಕ್ಕಿಂತ ಮುಂಚೆ ವಿದ್ಯುತ್ ಹರಿಯದ ಫೈಬರ್ ಏಣಿ ಬೇಕು, ತಂತಿಯನ್ನು ಎತ್ತರಿಸಬೇಕು. ಆದರೆ ಏಣಿ ಕೊಳ್ಳಲು ತೋಟದ ಸಾಹುಕಾರರು ಖರ್ಚು ಮಾಡಬೇಕು, ಪ್ರಮಾಣಪತ್ರಕ್ಕೆ ಸರ್ಕಾರ ಖರ್ಚು ಮಾಡುತ್ತದೆ. ಹಾಗಾಗಿ ಕೆಲಸಗಾರ ಅದೇ ಅಲ್ಯೂಮಿನಿಯಂ ಏಣಿಯನ್ನು ಈಗ ಪ್ರಮಾಣೀಕೃತನಾಗಿ ಹತ್ತುತ್ತಾನೆ. ಕೂಲಿ ಎಷ್ಟು ಹೆಚ್ಚಾಯಿತೆಂದು ಕೇಳಿದಿರಾ? ದಯವಿಟ್ಟು ವಿಷಯಾಂತರ ಮಾಡಬೇಡಿ.

ಕಾಗದದ ಈ ಮಹಿಮೆ ತೋಟದ ಬೇಲಿಯೊಳಗೇ ಉಳಿದಿದ್ದರೆ ಅದನ್ನು ಕೊಡಗಿನ ಸ್ಥಳೀಯ ಸೋಜಿಗವೆಂದು ಬಿಡಬಹುದಾಗಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 8ನೇ ನಿಯಮವು, ಬಾಡಿಗೆಗೆ ಜನರನ್ನೋ ಸರಕನ್ನೋ ಸಾಗಿಸುವ ವಾಹನ ಓಡಿಸಲು ಲೈಸೆನ್ಸ್ ಬೇಕಾದವನು ಎಂಟನೇ ತರಗತಿ ಪಾಸಾಗಿರಬೇಕೆಂದು ವರ್ಷಗಟ್ಟಲೆ ಹೇಳುತ್ತಿತ್ತು. ಸ್ವಂತ ಕಾರು ಓಡಿಸುವವನಿಗೆ ಈ ನಿಯಮವಿರಲಿಲ್ಲ. ಶಾಲೆಗೇ ಹೋಗದವನು ತನ್ನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಂಪಾಜೆ ಘಾಟಿಯನ್ನು ನಿರಾತಂಕವಾಗಿ ಇಳಿಯಬಹುದಾಗಿತ್ತು, ಆದರೆ ಬಾಡಿಗೆ ಕೊಡುವ ಪ್ರವಾಸಿಯೊಬ್ಬ ಹಿಂದಿನ ಸೀಟಿನಲ್ಲಿ ಕುಳಿತ ಕೂಡಲೇ ಅದೇ ತಿರುವಿಗೆ ಎಂಟನೇ ತರಗತಿಯ ಬೀಜಗಣಿತ ಬೇಕಾಗುತ್ತಿತ್ತು. ಮಾಂದಲಪಟ್ಟಿಗೆ ಜೀಪ್ ಹತ್ತಿಸುವವರನ್ನು ಕಂಡವರಿಗೆ ಗೊತ್ತು, ಅಲ್ಲಿ ಕೆಸರು, ಕಲ್ಲು ಮತ್ತು ಮಂಜಿನ ನಡುವೆ ರಸ್ತೆ ಎಲ್ಲಿದೆಯೆಂದು ನೆನಪಿನ ಬಲದಿಂದಲೇ ಹುಡುಕಬೇಕು. ಏಳನೇ ತರಗತಿಗೆ ಶಾಲೆ ಬಿಟ್ಟು, ಇಪ್ಪತ್ತು ವರ್ಷ ಅಂಥ ದಾರಿಯಲ್ಲಿ ಸ್ಟಿಯರಿಂಗ್ ಹಿಡಿದವನನ್ನು ಈ ನಿಯಮ ಅನರ್ಹನೆಂದಿತು. ಎಂಟನೇ ತರಗತಿ ಪಾಸಾಗಿ ಮೊನ್ನೆ ಮೈದಾನದಲ್ಲಿ ಎಂಟರ ಆಕಾರ ಸುತ್ತಿ ತೋರಿಸಿದವನನ್ನು ಅರ್ಹನೆಂದಿತು. ಹರಿಯಾಣದ ಮೇವಾತ್ ಪ್ರದೇಶದ ಚಾಲಕರ ಪರವಾಗಿ ಆ ರಾಜ್ಯ ಸರ್ಕಾರ ಕೇಳಿಕೊಂಡ ಮೇಲೆ, 2019ರಲ್ಲಿ ಕೇಂದ್ರವು ಈ ಷರತ್ತನ್ನು ತೆಗೆದುಹಾಕಿತು. ಸರ್ಕಾರವೊಂದು ಹೀಗೆ ಬುದ್ಧಿ ತಂದುಕೊಂಡ ಅಪರೂಪದ ಗಳಿಗೆಯನ್ನು ದಾಖಲಿಸುವುದು ನನ್ನ ಕರ್ತವ್ಯ. ಖಾಸಗಿಯವರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಹೋಂಸ್ಟೇ ಜೀಪಿನ ಚಾಲಕನಿಗೆ ಎಸ್ಸೆಸ್ಸೆಲ್ಸಿ ಕಡ್ಡಾಯ ಎಂಬ ಫಲಕಗಳಿಗೆ ಇಂದಿಗೂ ಕೊರತೆಯಿಲ್ಲ.

ಈ ಅಳತೆಗೋಲನ್ನು ಹಿಂದಕ್ಕೆ ಒಯ್ದರೆ ಕಾಫಿಯೇ ಇಲ್ಲಿಗೆ ಬರುತ್ತಿರಲಿಲ್ಲ. 1854ರಲ್ಲಿ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟವನ್ನು ಮಾಡಿದ ಫೌಲರ್ ಎಂಬಾತನಿಗೆ ತೋಟಗಾರಿಕೆಯ ಡಿಪ್ಲೊಮಾ ಕೊಡಲು ಈ ಸೀಮೆಯಲ್ಲಿ ಸಂಸ್ಥೆಯೇ ಇರಲಿಲ್ಲ. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದು 1925ರಲ್ಲಿ, ನಮ್ಮ ಚೆಟ್ಟಳ್ಳಿಯ ಉಪಕೇಂದ್ರ 1946ರಲ್ಲಿ. ಎಲೆ ತುಕ್ಕು ರೋಗ ತೋಟಗಳನ್ನು ಬೋಳಿಸುತ್ತಿದ್ದ ಕಾಲದಲ್ಲಿ ಮೈಸೂರು ಸೀಮೆಯ ಕೆಂಟ್ ಎಂಬ ತೋಟಗಾರ, ತನ್ನ ತೋಟದ ಒಂದು ಗಿಡ ಮಾತ್ರ ಉಳಿದವುಗಳಂತೆ ಎಲೆ ಉದುರಿಸದೆ ನಿಂತಿರುವುದನ್ನು ಗಮನಿಸಿ ಅದರ ಬೀಜ ಹಿಡಿದ. ಕೆಂಟ್ಸ್ ಎಂಬ ಆ ತಳಿಯನ್ನು ವಿಜ್ಞಾನಿಗಳು ಮುಂದೆ ಎಸ್.288 ಎಂಬ ಇನ್ನೊಂದು ತಳಿಯ ಜೊತೆ ಸಂಕರಗೊಳಿಸಿ ಎಸ್.795 ತಳಿಯನ್ನು ಕೊಟ್ಟರು; ಇಂದಿಗೂ ಅರೇಬಿಕಾ ಬೆಳೆಗಾರರು ನೆಚ್ಚಿಕೊಂಡಿರುವ ತಳಿಗಳಲ್ಲಿ ಅದೊಂದು. ನೋಡುವ ಕಣ್ಣು ತೋಟದ್ದು, ಸಂಕರದ ವಿದ್ಯೆ ಪ್ರಯೋಗಾಲಯದ್ದು, ಇಬ್ಬರಿಗೂ ಪರಸ್ಪರರ ಅಗತ್ಯವಿತ್ತು. ಇಂದಿನ ಕೆಂಟ್ ಆ ಬೀಜವನ್ನು ಕೈಯಲ್ಲಿ ಹಿಡಿದು ಬಂದರೆ, ಮೊದಲು ಸಸ್ಯರೋಗಶಾಸ್ತ್ರದ ಅಂಕಪಟ್ಟಿಯ ದೃಢೀಕೃತ ಪ್ರತಿಗಳನ್ನು ಲಗತ್ತಿಸಲು ಹೇಳುತ್ತೇವೆ.

ಅನುಭವ ಎಂದ ಕೂಡಲೇ ಕೈ ಮುಗಿಯುವವರ ಪಂಗಡಕ್ಕೂ ನಾನು ಸೇರಿದವನಲ್ಲ. ಒಂದೇ ವರ್ಷದ ಅನುಭವವನ್ನು ಮೂವತ್ತು ಸಲ ಪಡೆದ ಹಿರಿಯರು ನಮ್ಮಲ್ಲಿ ಧಾರಾಳವಾಗಿದ್ದಾರೆ. ಹುಳಿ ಮಣ್ಣಿಗೆ ಸುಣ್ಣ ಬೇಕೋ ಬೇಡವೋ ಎಂದು ಪರೀಕ್ಷೆ ಮಾಡಿಸದೆ, ಅಪ್ಪನ ಕಾಲದ ಲೆಕ್ಕದಲ್ಲಿ ಯೂರಿಯಾ ಸುರಿದು, ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ‘ಇನ್ನೊಂದು ಫಸಲು ಕೊಡಲಿ’ ಎಂದು ಉಳಿಸಿಕೊಂಡು, ಅಕ್ಕಪಕ್ಕದ ತೋಟಗಳಿಗೂ ಆ ಅನುಭವವನ್ನು ಹಂಚುವವರು ಅವರು. ಅವರ ತಲೆನರೆಯನ್ನು ಪ್ರಮಾಣಪತ್ರವೆಂದು ಒಪ್ಪಿಕೊಳ್ಳುವುದು ಇನ್ನೊಂದು ಬಗೆಯ ಮೂರ್ಖತನ.

ಆದರೆ ಮಜಾ ಇರುವುದು ಅಡುಗೆಮನೆಯಲ್ಲಿ. ಕೊಡಗಿನ ಹೋಂಸ್ಟೇಗಳಿಗೆ ಜನ ಬರುವುದು ಮಂಜಿಗಾಗಿ ಎಂದು ಹೇಳಿಕೊಳ್ಳುತ್ತಾರೆ, ನಿಜವಾಗಿ ಬರುವುದು ಹಂದಿ ಮಾಂಸದ ಪಂದಿ ಕರಿ, ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು, ಅಕ್ಕಿ ರೊಟ್ಟಿಯಾದ ಅಕ್ಕಿ ಒಟ್ಟಿಗಾಗಿ. ಇವನ್ನು ಮಾಡುವವರು ಸಾಮಾನ್ಯವಾಗಿ ಆ ಊರಿನವರೇ ಆದ ಹಿರಿಯ ಹೆಂಗಸೊಬ್ಬರು. ವ್ಯವಹಾರ ಸ್ವಲ್ಪ ಬೆಳೆದು ರೆಸಾರ್ಟ್ ಎಂಬ ಬೋರ್ಡು ಏರಿದ ಮೇಲೆ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಪಡೆದ ಶೆಫ್ ಬರುತ್ತಾನೆ, ಉದ್ದನೆಯ ಬಿಳಿ ಟೋಪಿ ಹಾಕಿಕೊಳ್ಳುತ್ತಾನೆ, ಆ ಹೆಂಗಸು ಕಾಗದದಲ್ಲಿ ‘ಕಿಚನ್ ಹೆಲ್ಪರ್’ ಆಗುತ್ತಾರೆ. ಒಲೆಯ ಮೇಲೆ ಪಂದಿ ಕುದಿಯುತ್ತಿರುವಾಗ ಶೆಫ್ ಮೆಲ್ಲಗೆ ಕೇಳುತ್ತಾನೆ, “ಅಕ್ಕಾ, ಕಾಚಂಪುಳಿ ಎಷ್ಟು ಹಾಕ್ಬೇಕು?” ಅಕ್ಕ ಪಾತ್ರೆಯತ್ತ ಒಮ್ಮೆ ನೋಡಿ, ಆ ಕಪ್ಪು ಹುಳಿರಸದ ಬಾಟಲಿಯನ್ನು ಓರೆ ಮಾಡಿ, ಇಷ್ಟು ಎನ್ನುತ್ತಾರೆ. ಇಷ್ಟು ಅಂದರೆ ಎಷ್ಟು ಮಿಲಿಲೀಟರ್ ಎಂದು ಅವನು ಬರೆದುಕೊಳ್ಳಲು ಹೊರಟರೆ, ಅದು ಕಾಚಂಪುಳಿ ಯಾರ ಮನೆಯದು ಮತ್ತು ಎಷ್ಟು ಕಾಯಿಸಿದ್ದು ಎಂಬುದರ ಮೇಲೆ ಹೋಗುತ್ತದೆ ಎಂಬ ಉತ್ತರ ಬರುತ್ತದೆ. ಊಟ ಮುಗಿಸಿದ ಅತಿಥಿಗಳು ಶೆಫ್‌ನನ್ನು ಕರೆಸಿ ಚಪ್ಪಾಳೆ ತಟ್ಟುತ್ತಾರೆ. ಹೆಲ್ಪರ್ ಒಳಗೆ ಪಾತ್ರೆ ತೊಳೆಯುತ್ತಿರುತ್ತಾರೆ, ಏಕೆಂದರೆ ಹೆಲ್ಪರ್‌ನ ಕರ್ತವ್ಯಗಳಲ್ಲಿ ಅದೂ ಸೇರಿದೆ.

ಇನ್ನು ಓದಿದವರ ಪಾಡನ್ನು ನೋಡೋಣ, ಏಕೆಂದರೆ ಇಷ್ಟು ಹೊತ್ತು ನಾನು ಅವರನ್ನು ಅನ್ಯಾಯವಾಗಿ ಗೇಲಿ ಮಾಡಿದಂತೆ ಕಾಣಬಹುದು. ಅಪ್ಪನ ಒಂದೆರಡು ಎಕರೆ ತೋಟವನ್ನು ಅಡವಿಟ್ಟು ಪದವಿ ಮುಗಿಸಿದ ಹುಡುಗ ಸಂದರ್ಶನಕ್ಕೆ ಹೋದರೆ, ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಅನುಭವವೆಷ್ಟು ಎನ್ನುತ್ತಾರೆ. ಅನುಭವಕ್ಕೆ ಕೆಲಸ ಬೇಕು, ಕೆಲಸಕ್ಕೆ ಅನುಭವ ಬೇಕು. ಈ ಸುತ್ತಿನೊಳಗೆ ನುಸುಳಲು ದಾರಿ ಕಾಣದವರಿಗಾಗಿ, ಹಣ ಕೊಟ್ಟರೆ ಮೂರು ವರ್ಷದ ಅನುಭವವನ್ನು ಮೂರೇ ದಿನದಲ್ಲಿ ಟೈಪ್ ಮಾಡಿಕೊಡುವ ಅಂಗಡಿಗಳು ಮಹಾನಗರಗಳಲ್ಲಿ ಹುಟ್ಟಿಕೊಂಡಿವೆ. 2015ರಲ್ಲಿ ಉತ್ತರ ಪ್ರದೇಶದ ಸಚಿವಾಲಯ 368 ಜವಾನರ ಹುದ್ದೆಗಳಿಗೆ ಅರ್ಜಿ ಕರೆದಾಗ ಸುಮಾರು 23 ಲಕ್ಷ ಜನ ಅರ್ಜಿ ಹಾಕಿದರು, ಅವರಲ್ಲಿ 255 ಮಂದಿ ಪಿಎಚ್‌ಡಿ ಪಡೆದವರು. ಹುದ್ದೆಗೆ ಬೇಕಾಗಿದ್ದುದು ಐದನೇ ತರಗತಿ ಮತ್ತು ಸೈಕಲ್ ತುಳಿಯುವ ಸಾಮರ್ಥ್ಯ. ಅಲ್ಲಿ ಪ್ರಬಂಧ ಮಂಡಿಸಿದವನಿಗೂ ಸೈಕಲ್ಲಿನ ಅನುಭವವೇ ಕೈ ಹಿಡಿಯಬೇಕಾಗಿತ್ತು.

ಈಗ ‘ಅರ್ಹತೆಗೆ ತಕ್ಕಂತೆ’ ಎಂಬ ಸಂಬಳದ ಮಾತಿಗೆ ಬರಬಹುದು. ಹಳೆಯ ರೈಟರ್ ಸಂಬಳ ಹೆಚ್ಚಿಸಿ ಎಂದು ಕೇಳಿದಾಗ ಸಿಕ್ಕ ಉತ್ತರ, “ನಿಮ್ಮ ಕೆಲಸ ಚೆನ್ನಾಗಿದೆ ರೈಟರೇ, ಆದರೆ ಕ್ವಾಲಿಫಿಕೇಶನ್ ಇಲ್ಲವಲ್ಲ.” ಅದೇ ಕುರ್ಚಿಗೆ ಬಂದ ಪದವೀಧರ ಅದನ್ನೇ ಕೇಳಿದಾಗ ಸಿಕ್ಕ ಉತ್ತರ, “ಕ್ವಾಲಿಫಿಕೇಶನ್ ಚೆನ್ನಾಗಿದೆ, ಆದರೆ ಅನುಭವ ಇಲ್ಲವಲ್ಲಪ್ಪ.” ಇಬ್ಬರಿಗೂ ಕೊಟ್ಟ ಹಣದಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಪದವಿ ದೊಡ್ಡದೋ ಅನುಭವ ದೊಡ್ಡದೋ ಎಂದು ವಿಚಾರ ಸಂಕಿರಣಗಳಲ್ಲಿ ಮೇಜು ಗುದ್ದುವವರು ಈ ಎರಡು ಉತ್ತರಗಳನ್ನು ಕೊಟ್ಟ ಬಾಯಿ ಒಂದೇ ಎಂಬುದನ್ನು ಗಮನಿಸುವುದಿಲ್ಲ. ಯಾರಲ್ಲಿ ಏನಿದೆ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಯಾರಲ್ಲಿ ಏನು ಇಲ್ಲವೋ ಅದಕ್ಕೆ ಆ ದಿನ ಬೆಲೆ. ಎರಡೂ ಇರುವವನು ಎಂದಾದರೂ ಬಂದರೆ ಅವನ ವಯಸ್ಸು 25 ಮೀರಿರುತ್ತದೆ, ಜಾಹೀರಾತು ಅದಕ್ಕೂ ಮೊದಲೇ ವ್ಯವಸ್ಥೆ ಮಾಡಿಟ್ಟಿದೆ.

ನನಗೆ ತಿಳಿದಂತೆ ಈ ನಾಡಿನಲ್ಲಿ ಶುದ್ಧ ಅನುಭವದ ಮೇಲೆ ಬಡ್ತಿ ಕೊಡುವ ಸರ್ಕಾರಿ ವ್ಯವಸ್ಥೆ ಒಂದು ಮಾತ್ರ ಉಳಿದಿದೆ, ಅದು ಮೈಸೂರು ದಸರಾದ ಆನೆಗಳದ್ದು. ನಮ್ಮ ದುಬಾರೆ, ಮತ್ತಿಗೋಡು ಮೊದಲಾದ ಶಿಬಿರಗಳಿಂದ ಹೊರಡುವ ಈ ನೌಕರರನ್ನು ಮೈಸೂರಿನಲ್ಲಿ ತೂಕ ಹಾಕುತ್ತಾರೆ, ವಿಮೆ ಮಾಡಿಸುತ್ತಾರೆ, ಮರಳಿನ ಮೂಟೆ ಹೊರಿಸುತ್ತಾರೆ, ಆಮೇಲೆ ಮರದ ಅಂಬಾರಿ ಹೊರಿಸಿ ನಡೆಸುತ್ತಾರೆ. ಗದ್ದಲಕ್ಕೆ ಬೆದರದೆ ವರ್ಷಗಟ್ಟಲೆ ಮೆರವಣಿಗೆಯಲ್ಲಿ ನಡೆದದ್ದು ಸಾಬೀತಾದ ಮೇಲೆಯೇ 750 ಕಿಲೋದ ಚಿನ್ನದ ಅಂಬಾರಿ ಬೆನ್ನೇರುತ್ತದೆ. ಅರವತ್ತು ದಾಟಿದ ಅರ್ಜುನನನ್ನು 2020ರಲ್ಲಿ ಯಾವುದೇ ಸರ್ಕಾರಿ ನೌಕರನಂತೆ ಆ ಹೊಣೆಯಿಂದ ನಿವೃತ್ತಿಗೊಳಿಸಿ, ಮತ್ತಿಗೋಡಿನ ಅಭಿಮನ್ಯುವಿಗೆ ಜವಾಬ್ದಾರಿ ವಹಿಸಿದಾಗ ಯಾವ ಅಂಕಪಟ್ಟಿಯ ಪ್ರಸ್ತಾಪವೂ ಬರಲಿಲ್ಲ. ಮಾವುತರ ವಿದ್ಯೆಯೂ ಅಂಥದ್ದೇ. ಜೇನುಕುರುಬರ ಹಾಡಿಯ ಹುಡುಗ ಮಾವುತನ ಸಹಾಯಕನಾದ ಕಾವಾಡಿಯಾಗಿ ಸೊಪ್ಪು ತಂದು ಹಾಕಿ, ಮೈ ತೊಳೆದು, ಆನೆಯ ಮನಸ್ಸನ್ನು ಅದರ ಕಿವಿಯ ಅಲುಗಾಟದಲ್ಲಿ ಓದಲು ಕಲಿತ ಮೇಲೆಯೇ ಅದರ ಕುತ್ತಿಗೆಯ ಮೇಲೆ ಕೂರುತ್ತಾನೆ.

ಈ ಅಕ್ರಮ ಬಹಳ ದಿನ ನಡೆಯಲಾರದು. ಯಾವುದಾದರೂ ಸಮಿತಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ, ತೂಕದ ಯಂತ್ರದ ಪಕ್ಕದಲ್ಲೇ ಒಂದು ಮೇಜು ಬರುತ್ತದೆ, ಗಜಪಡೆಯ ಪೂರ್ವ ಕಲಿಕೆಗೆ ಮಾನ್ಯತೆ ನೀಡುವ ಅರ್ಜಿಯನ್ನು ಮೂರು ಪ್ರತಿಗಳಲ್ಲಿ ತುಂಬಲು ಮಾವುತರಿಗೆ ಹೇಳಲಾಗುತ್ತದೆ. ಅಂಬಾರಿ ಹೊತ್ತ ಅನುಭವ, ಎದುರಿಸಿದ ಪುಂಡಾನೆಗಳು, ಹಿಡಿದ ಹುಲಿಗಳು ಎಲ್ಲವನ್ನೂ ಮಾವುತ ಹೇಳುತ್ತಾ ಹೋಗುತ್ತಾನೆ, ಗುಮಾಸ್ತ ಬರೆದುಕೊಳ್ಳುತ್ತಾ ಹೋಗುತ್ತಾನೆ. ಆಮೇಲೆ ನಕ್ಷತ್ರದ ಗುರುತಿರುವ ಕಾಲಂ ಬರುತ್ತದೆ, ಅಭ್ಯರ್ಥಿಯ ತಂದೆಯ ಹೆಸರು. ಕಾಡಿನಲ್ಲಿ ಸೆರೆ ಸಿಕ್ಕ ಆನೆ ಇದು, ಅಪ್ಪ ಯಾರೆಂದು ಯಾರಿಗೆ ಗೊತ್ತು ಎಂದು ಮಾವುತ ಹೇಳಿದರೆ, ತಹಶೀಲ್ದಾರರಿಂದ ವಂಶವೃಕ್ಷ ತರುವವರೆಗೆ ಅರ್ಜಿಯನ್ನು ತಡೆಹಿಡಿಯಲಾಗಿದೆ ಎಂದು ಗುಮಾಸ್ತ ಷರಾ ಬರೆದು, ಮುಂದಿನ ಆನೆಯನ್ನು ಕರೆಯುತ್ತಾನೆ.